ಬೀದರ ಸೀಮೆಯ ಪುರಾಣವಾಚನ

ಬೀದರ ಪ್ರಾಂತದ ಕನ್ನಡ ಸಾಹಿತ್ಯದ ವಿಚಾರ ಬಂದಾಗ, ಹನ್ನೆರಡನೆಯ ಶತಮಾನದ ಕಲ್ಯಾಣದೊಡನೆ ಕಥೆಯನ್ನು ನಿಲ್ಲಿಸಿ, 1956ರ ಏಕೀಕರಣದಿಂದ ಅದನ್ನು ಮತ್ತೆ ಎತ್ತಿಕೊಳ್ಳುವ ವಾಡಿಕೆಯುಂಟು. ನಡುವಣ ಸುಮಾರು ಎಂಟುನೂರು ವರ್ಷಗಳನ್ನು ಕತ್ತಲೆಯೆಂದು ಬಿಟ್ಟುಬಿಡುತ್ತಾರೆ. ಇದಕ್ಕೆ ಕಾರಣವಿಲ್ಲದೆ ಇಲ್ಲ. ಬಹಮನಿ ಅಹಮದ ಶಹನು ಹದಿನೈದನೆಯ ಶತಮಾನದಲ್ಲಿ ಕಲಬುರ್ಗಿಯಿಂದ ಬೀದರಕ್ಕೆ ರಾಜಧಾನಿಯನ್ನು ತಂದನು. 1472ರಲ್ಲಿ ಮಹಮೂದ ಗಾವಾನನ ಮದರಸವು ಅಲ್ಲಿ ತಲೆಯೆತ್ತಿತು. ಬರೀದಶಾಹಿ, ಮೊಗಲ, ಆಸಫಜಾಹಿ ಆಳಿಕೆಗಳಲ್ಲಿ ಆಸ್ಥಾನದ ಭಾಷೆ ಮೊದಲು ಫಾರಸಿ, ಅನಂತರ ಉರ್ದು. 1918ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಬೋಧನೆಯೂ ಉರ್ದುವಿನಲ್ಲಿಯೇ ನಡೆಯಿತು. ಇಂತಹ ಸೀಮೆಯಲ್ಲಿ ಕನ್ನಡದ ಆಸ್ಥಾನಕವಿಯನ್ನು ಅರಸುವುದು ವ್ಯರ್ಥವೇ ಸರಿ.

ಆದರೆ ಕವಿಯಿಲ್ಲದ ಮಾತ್ರಕ್ಕೆ ಕಾವ್ಯವಿಲ್ಲವೆನ್ನಬಹುದೆ? ಈ ಸೀಮೆಗೆ ದೂರವಲ್ಲದ ಮಾನ್ಯಖೇಟದಲ್ಲಿ ಒಂಬತ್ತನೆಯ ಶತಮಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು, ಕನ್ನಡನಾಡಿನ ಜನರು ಶಾಸ್ತ್ರವನ್ನು ಓದದೆಯೂ ಕಾವ್ಯದ ಬಳಕೆಯನ್ನು ಬಲ್ಲವರೆಂದು ಹೊಗಳಿದೆ. ಓದದವನಿಗೆ ಕಾವ್ಯವು ಕಿವಿಯಿಂದಲ್ಲದೆ ಬರಲಾರದು. ಆದುದರಿಂದ ಸಾಹಿತ್ಯಚರಿತ್ರೆಯು ಬರೆದವರ ಪಟ್ಟಿಯೊಡನೆ ಕೇಳಿದವರ ವೃತ್ತಾಂತವನ್ನೂ ಒಳಗೊಳ್ಳಬೇಕು.

ಬೀದರ, ಭಾಲ್ಕಿ, ಔರಾದಗಳಲ್ಲಿ ಆ ಕೇಳ್ಮೆಯ ಸ್ಥಾನ ಮಠವೋ ಊರ ಗುಡಿಯೋ ಆಗಿರುವುದು; ಕಾಲ ಮುಖ್ಯವಾಗಿ ಶ್ರಾವಣಮಾಸ. ಮೈಸೂರು ಸೀಮೆಯಲ್ಲಿ ಗಮಕವೆನಿಸುವುದಕ್ಕೆ ಇಲ್ಲಿ ‘ಪುರಾಣ’ವೆಂದೇ ಹೆಸರು. ‘ಪುರಾಣ ಹಚ್ಚಿದ್ದಾರೆ’ ಎಂದರೆ ಇಂದಿನಿಂದ ತಿಂಗಳ ಕಾಲ ಸಂಜೆ ಊರು ಸೇರುವುದೆಂದು ಅರ್ಥ. ವ್ಯಾಸಪೀಠದ ಮೇಲೆ ಗ್ರಂಥವನ್ನಿಟ್ಟು ಒಬ್ಬನು ಪದ್ಯವನ್ನು ರಾಗದಲ್ಲಿ ಓದುವನು. ಮತ್ತೊಬ್ಬನು ಪದಗಳನ್ನು ಬಿಡಿಸಿ, ಅನ್ವಯಿಸಿ, ಅರ್ಥ ಹೇಳುವನು. ಅರ್ಥ ಹೇಳುವವನ ಮಾತು ಆ ಊರಿನ ಆಡುಮಾತೇ. ಹಳೆಯ ಕನ್ನಡದ ಪದ್ಯವನ್ನು ಅಕ್ಷರವರಿಯದ ಒಕ್ಕಲಿಗನು ತಿಳಿದುಕೊಂಡುದು ಈ ಎರಡು ಕಂಠಗಳ ನಡುವೆ. ಕಥಾನಾಯಕನು ಹುಟ್ಟುವ ಸಂಧಿ ಬಂದ ದಿನ ಸಭೆಯ ನಡುವೆ ತೊಟ್ಟಿಲು ಕಟ್ಟುವರು, ಹೆಂಗಸರು ಜೋಗುಳ ಹಾಡುವರು. ಮದುವೆಯ ಸಂಧಿಯಲ್ಲಿ ಕೇಳುಗರೇ ಬೀಗರಾಗಿ ಅಕ್ಷತೆ ಚೆಲ್ಲುವರು. ಮಂಗಲದ ದಿನ ಗ್ರಂಥಕ್ಕೆ ಮೆರವಣಿಗೆ. ಇದು ಬರಿಯ ವಾಚನವಲ್ಲ, ಪೂರ್ಣವಾದ ನಾಟಕವೂ ಅಲ್ಲ, ಪಾತ್ರಧಾರಿಗಳಿಲ್ಲದ ರಂಗವೆನ್ನಬಹುದು.

ಇಂತಹ ವಾಚನಕ್ಕೆ ಷಟ್ಪದಿಯಷ್ಟು ಒಗ್ಗುವ ಛಂದಸ್ಸು ಬೇರೊಂದಿಲ್ಲ. ಅದರ ಮೂರನೆಯ ಮತ್ತು ಆರನೆಯ ಪಾದಗಳು ಉಳಿದವುಗಳಿಗಿಂತ ನೀಳವಾಗಿ, ಕೊನೆಯಲ್ಲಿ ಒಂದು ಗುರುವಿನ ಮೇಲೆ ನಿಲ್ಲುತ್ತವೆ. ಓದುವವನಿಗೆ ಅಲ್ಲಿ ಉಸಿರು, ಅರ್ಥ ಹೇಳುವವನಿಗೆ ಅವಕಾಶ. ಚಂಪುವಿನ ಗದ್ಯವನ್ನೂ ವೃತ್ತಗಳನ್ನೂ ಹೀಗೆ ಊರ ಸಭೆಯಲ್ಲಿ ನಿರ್ವಹಿಸುವುದು ಸುಲಭವಲ್ಲ. ಚಾಮರಸನ ಪ್ರಭುಲಿಂಗಲೀಲೆ ಭಾಮಿನಿಯಲ್ಲಿಯೂ, ಭೀಮಕವಿಯ ಬಸವಪುರಾಣ, ವಿರೂಪಾಕ್ಷಪಂಡಿತನ ಚೆನ್ನಬಸವಪುರಾಣಗಳು ವಾರ್ಧಕದಲ್ಲಿಯೂ ಇರುವುದು ಆಕಸ್ಮಿಕವಾಗಿರಲಾರದು.

ಬಸವಪುರಾಣದ ಸಂಚಾರವೇ ಒಂದು ಸ್ವಾರಸ್ಯ. ಕಥೆ ನಡೆದುದು ಕಲ್ಯಾಣದಲ್ಲಿ. ಅದನ್ನು ಹದಿಮೂರನೆಯ ಶತಮಾನದಲ್ಲಿ ಪಾಲ್ಕುರಿಕೆ ಸೋಮನಾಥನು ತೆಲುಗಿನ ದ್ವಿಪದಿಯಲ್ಲಿ ಹೇಳಿದನು. 1369ರಲ್ಲಿ ಭೀಮಕವಿ ಕನ್ನಡಕ್ಕೆ ತಂದನು. ಕಲ್ಯಾಣಕ್ಕೆ ಸಮೀಪದ ಭಾಲ್ಕಿಯಲ್ಲಿ ಅದನ್ನು ಓದಿದಾಗ ಕಥೆಯು ಮನೆಗೆ ಮರಳಿದಂತಾಯಿತು. ಮರಳಿದ್ದು ಮಾತ್ರ ಬೇರೆಯ ವೇಷದಲ್ಲಿ. ಪುರಾಣದ ಬಸವಣ್ಣನು ನಂದಿಯ ಅವತಾರ, ಪವಾಡಪುರುಷ. ವಚನಗಳಲ್ಲಿ ತನ್ನನ್ನೇ ಪ್ರಶ್ನಿಸಿಕೊಳ್ಳುವ ಬಸವಣ್ಣನ ಧ್ವನಿ ಅಲ್ಲಿ ಕ್ಷೀಣ. ಫ. ಗು. ಹಳಕಟ್ಟಿಯವರ ವಚನಶಾಸ್ತ್ರಸಾರವು 1923ರಲ್ಲಿ ಅಚ್ಚಾದ ಮೇಲೆಯೇ ವಚನಗಳು ವಿಶೇಷವಾಗಿ ಪ್ರಚಾರಕ್ಕೆ ಬಂದವು. ಪುರಾಣವಾಚನವು ಭಾಷೆಯನ್ನು ಉಳಿಸಿತು, ವಿಚಾರವನ್ನು ಮಸುಕುಗೊಳಿಸಿತು ಎಂಬ ಆಕ್ಷೇಪಣೆಯನ್ನು ತಳ್ಳಿಹಾಕುವುದು ಪ್ರಾಮಾಣಿಕವಾಗದು.

ಔರಾದದಲ್ಲಿ ಮರಾಠಿಯ ನೆರೆ ಹತ್ತಿರ. ಅಲ್ಲಿ ಹರಿನಾಮ ಸಪ್ತಾಹವೂ, 1290ರಲ್ಲಿ ರಚಿತವಾದ ಜ್ಞಾನೇಶ್ವರಿಯ ಪಾರಾಯಣವೂ ಕನ್ನಡ ಪುರಾಣದ ಮಗ್ಗುಲಲ್ಲಿಯೇ ನಡೆಯುತ್ತವೆ. ಬೀದರ ನಗರದಲ್ಲಿ ಮೊಹರಮ್ಮಿನ ಮರ್ಸಿಯಾ ವಾಚನವೂ ಕಿವಿಗೆ ಬೀಳುವುದು. ಕಾವ್ಯವನ್ನು ಸಭೆಯಲ್ಲಿ ಕೇಳುವ ಅಭ್ಯಾಸವು ಇಲ್ಲಿ ಒಂದು ಮತದ ಸೊತ್ತಲ್ಲ.

ಆಳುವವರ ಭಾಷೆ ಬೇರೆಯಾದಲ್ಲಿ ಹೀಗಾಗುವುದಕ್ಕೆ ಐರ್ಲೆಂಡು ಒಳ್ಳೆಯ ನಿದರ್ಶನ. ಹದಿನೆಂಟನೆಯ ಶತಮಾನದಲ್ಲಿ ಅಲ್ಲಿನ ಕೆಥೋಲಿಕರು ಶಾಲೆ ನಡೆಸಲು ಕಾನೂನಿನ ತಡೆಯಿದ್ದುದರಿಂದ ಬೇಲಿಯ ಮರೆಯಲ್ಲಿ ಪಾಠ ನಡೆಯುತ್ತಿತ್ತು. ರಾತ್ರಿ ಒಲೆಯ ಸುತ್ತ ಕುಳಿತವರಿಗೆ ಹಸ್ತಪ್ರತಿಯಿಂದ ವೀರಕಥೆಗಳನ್ನು ಓದಿಹೇಳುತ್ತಿದ್ದರು. 1893ರಲ್ಲಿ ಡಗ್ಲಸ್ ಹೈಡ್ ಮೊದಲಾದವರು ಐರಿಷ್ ಭಾಷೆಗಾಗಿ ಸಂಘ ಕಟ್ಟಿದಾಗ, 1904ರಲ್ಲಿ ಯೇಟ್ಸ್ ಮತ್ತು ಗ್ರೆಗರಿ ಡಬ್ಲಿನ್ನಿನಲ್ಲಿ ಆಬಿ ನಾಟಕಶಾಲೆಯನ್ನು ತೆರೆದಾಗ, ಆ ಕೇಳುಕಥೆಗಳು ಬಂಡವಾಳವಾದವು. ಆ ಬಳಗದ ಕವಿ ಜೇಮ್ಸ್ ಕಸಿನ್ಸ್ ಅವರೇ 1924ರಲ್ಲಿ ಮೈಸೂರಿನಲ್ಲಿ, ಇಂಗ್ಲಿಷಿನಲ್ಲಿ ಪದ್ಯ ಬರೆಯುತ್ತಿದ್ದ ತರುಣ ಕುವೆಂಪು ಅವರಿಗೆ ತಾಯ್ನುಡಿಯಲ್ಲಿ ಬರೆಯುವಂತೆ ಹೇಳಿದರು. ನುಡಿಯ ನಷ್ಟವನ್ನು ಕಂಡ ದೇಶದವರ ಮಾತು ಅದು.

ಬೇಲಿಮರೆಯ ಶಾಲೆಗೆ ಭಾಲ್ಕಿಯಲ್ಲಿಯೂ ಜೋಡಿಯುಂಟು. ಔರಾದ ತಾಲ್ಲೂಕಿಗೆ ಸೇರಿದ್ದ ಕಮಲನಗರದಲ್ಲಿ 1890ರಲ್ಲಿ ಜನಿಸಿದ, ಭಾಲ್ಕಿ ಹಿರೇಮಠದ ಚೆನ್ನಬಸವ ಪಟ್ಟದ್ದೇವರು ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಹಲಗೆಯನ್ನು ತೂಗುಹಾಕಿ ಒಳಗೆ ಕನ್ನಡ ಕಲಿಸಿದರೆಂಬುದು ಸುಪ್ರಸಿದ್ಧ. ಈ ಸಾಹಸವನ್ನು ಒಬ್ಬರ ಧೈರ್ಯವೆಂದು ಮಾತ್ರ ಕೊಂಡಾಡುವುದರಲ್ಲಿ ಒಂದು ಲೋಪವಿದೆ. ಮಕ್ಕಳನ್ನು ಕಳುಹಿಸಿದ ತಂದೆತಾಯಿಗಳಿಗೆ ಕನ್ನಡವು ಕಚೇರಿಯಲ್ಲಿ ಕೂಳು ಕೊಡುವ ಭಾಷೆಯಾಗಿರಲಿಲ್ಲ. ಅದರ ಬೆಲೆ ಅವರಿಗೆ ತಿಳಿದದ್ದು ಪುರಾಣ ಕೇಳಿದ ಕಿವಿಗಳಿಂದಲೇ ಎಂದು ತೋರುತ್ತದೆ.

1956ರಲ್ಲಿ ಬೀದರ ಜಿಲ್ಲೆ ಒಡೆಯಿತು. ಉದಗೀರ, ನಿಲಂಗಾ, ಅಹಮದಪುರ ತಾಲ್ಲೂಕುಗಳು ಮುಂಬಯಿ ಪ್ರಾಂತಕ್ಕೂ, ನಾರಾಯಣಖೇಡ, ಜಹೀರಾಬಾದ ಭಾಗಗಳು ಆಂಧ್ರಕ್ಕೂ, ಉಳಿದುದು ಮೈಸೂರಿಗೂ ಸೇರಿದವು. ಕನ್ನಡವು ಶಾಲೆಗೂ ಕಚೇರಿಗೂ ಬಂದಿತು. ಶ್ರಾವಣದ ಸಭೆಗಳು ಇಂದಿಗೂ ನಿಂತಿಲ್ಲ. ಆದರೆ ಅಲ್ಲಿ ಪ್ರವಚನ ಬೆಳೆದು ಪದ್ಯ ಕಿರಿದಾಗಿದೆ. ಸಂಧಿಯೊಂದನ್ನು ಪೂರ್ಣವಾಗಿ ಓದುತ್ತಿದ್ದಲ್ಲಿ ಎರಡು ಪದ್ಯಗಳನ್ನು ಹಾಡಿ ದೃಷ್ಟಾಂತಗಳಿಗೆ ಹೋಗುವುದುಂಟು. ಅರ್ಥ ಹೇಳುವವರಿಗೆ ಕೊರತೆಯಿಲ್ಲ, ಷಟ್ಪದಿಯನ್ನು ಯತಿಗೆಡದಂತೆ ಓದುವವರು ವಿರಳ. ಹಳೆಯ ಓದುಗರು ಇರುವಾಗಲೇ ಅವರ ಓದಿನ ಧಾಟಿಗಳನ್ನು ಊರೂರಿನಲ್ಲಿ ಧ್ವನಿಮುದ್ರಿಸಿಡುವುದು ಶಾಸನಗಳ ಅಚ್ಚು ತೆಗೆಯುವುದಕ್ಕಿಂತ ಕಡಿಮೆಯ ಕೆಲಸವಲ್ಲ. ಶಾಸನವು ಇನ್ನೂ ಕೆಲವು ಕಾಲ ಕಾಯಬಲ್ಲುದು.