ಕಳೆದುಹೋದ ಮುಖಪುಟ

ರೆಸಿಡೆನ್ಸಿಗೆಂದು ಈ ದೇಶಕ್ಕೆ ಹೊರಟಾಗ ನಮ್ಮ ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಪ್ರೆಷರ್ ಕುಕ್ಕರುಗಳ ನಡುವೆ ಒಂದೇ ಒಂದು ಕನ್ನಡ ಕಾದಂಬರಿ ಇತ್ತು: ಕಾರಂತರ ‘ಮರಳಿ ಮಣ್ಣಿಗೆ’, ಅಮ್ಮನ ಹಳೆಯ ಪ್ರತಿ. ನೈಟ್ ಡ್ಯೂಟಿಗಳ ನಡುವೆ ಓದಿ ಓದಿ ಅದರ ಮುಖಪುಟ ಹರಿಯಿತು. ಆಸ್ಪತ್ರೆಯ ಟೇಪು ಹಚ್ಚಿದೆವು. ಮನೆ ಬದಲಾಯಿಸುವಾಗ ಅದೂ ಉದುರಿಹೋಯಿತು. ಈಚೆಗೆ ಲ್ಯಾನ್‌ಹ್ಯಾಮಿನ ಮನೆಯಲ್ಲಿ ಮಗಳು, “ಇದರ ಮೇಲೆ ಏನು ಚಿತ್ರ ಇತ್ತು?” ಎಂದು ಕೇಳಿದಳು. ನಮ್ಮಲ್ಲಿ ಒಬ್ಬರು ದೋಣಿ ಎಂದರೆ ಇನ್ನೊಬ್ಬರು ತೆಂಗಿನಮರ ಎಂದರು. ಕೇಳೋಣವೆಂದರೆ ಅಮ್ಮ ಈಗಿಲ್ಲ.

ಅದೇ ತಿಂಗಳು ಈ ಸ್ಮರಣ ಸಂಚಿಕೆಯ ಮುಖಪುಟ ಮಾಡಿಸುವ ಹೊಣೆ ನಮ್ಮ ಪಾಲಿಗೆ ಬಂತು. ಹಾಗಾಗಿ ಕನ್ನಡ ಮುಖಪುಟಗಳ ಚರಿತ್ರೆಯನ್ನು ಸ್ವಲ್ಪ ಕೆದಕಿದೆವು.

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಅಚ್ಚಾದದ್ದು ಕಲ್ಲಚ್ಚಿನಲ್ಲಿ. ಆ ಕಲ್ಲಿನ ಮೇಲೆ ಅಕ್ಷರವನ್ನೂ ಚಿತ್ರವನ್ನೂ ಒಂದೇ ಕೈ ಬರೆಯಬಹುದಿತ್ತು. ಅಚ್ಚುಮೊಳೆಗಳ ಕಾಲದಲ್ಲಿ ಅವೆರಡೂ ಬೇರೆಯಾದವು. ಚಿತ್ರಕ್ಕೆ ಲೋಹದ ಬ್ಲಾಕ್ ಬೇಕು. ಒಂದೊಂದು ಬಣ್ಣಕ್ಕೆ ಒಂದೊಂದು ಬ್ಲಾಕ್, ಒಂದೊಂದು ಸಲದ ಅಚ್ಚು. ಕೈಯಲ್ಲಿ ಕಾಸಿಲ್ಲದ ಪ್ರಕಾಶಕರು ಎರಡೇ ಬಣ್ಣದಲ್ಲಿ ಮುಗಿಸುತ್ತಿದ್ದರು. ಬ್ಲಾಕ್ ಕೂದಲೆಳೆಯಷ್ಟು ಸರಿದರೂ ನಾಯಕಿಯ ತುಟಿಯ ಕೆಂಪು ಗಲ್ಲಕ್ಕೆ ಇಳಿಯುತ್ತಿತ್ತು! ಮಕ್ಕಳಿಗಾಗಿ 1936ರಲ್ಲಿ ‘ಬಾಲ ಪ್ರಪಂಚ’ ಹೊರತಂದ ಕಾರಂತರೂ ಸ್ವಂತ ಮುದ್ರಣಾಲಯ ನಡೆಸಿ ಸಾಲ ಹೊತ್ತವರೇ.

ಬಣ್ಣದ ಮುಖಪುಟ ಮನೆಮನೆಗೆ ಬಂದದ್ದು ಮದರಾಸಿನ ‘ಚಂದಮಾಮ’ದಿಂದ. ಅದರ ಆರಂಭಕಾಲದ ಮುಖ್ಯ ಕಲಾವಿದರು ನಮ್ಮವರೇ ಆದ ಎಂ.ಟಿ.ವಿ. ಆಚಾರ್ಯರು, ಅವರ ಮಹಾಭಾರತದ ಚಿತ್ರಗಳನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ಇನ್ನು ನಮ್ಮ ಮಕ್ಕಳು ಇಂಗ್ಲಿಷಿನಲ್ಲಿ ಓದುವ ‘ಅಮರ ಚಿತ್ರ ಕಥೆ’ಯ ಮೊದಲ ಹತ್ತು ಪುಸ್ತಕಗಳು 1965ರ ಸುಮಾರಿಗೆ ಬೆಂಗಳೂರಿನಿಂದ ಹೊರಟ ಕನ್ನಡ ಪುಸ್ತಕಗಳು, ಅವೂ ಸಿಂಡರೆಲಾಳಂಥ ಪಾಶ್ಚಾತ್ಯ ಕಥೆಗಳು. ಕಾರ್ಕಳದ ಅನಂತ ಪೈಯವರ ‘ಕೃಷ್ಣ’ ಹನ್ನೊಂದನೆಯ ಸಂಖ್ಯೆಯಾದದ್ದು ಹೀಗೆ.

ವಾಷಿಂಗ್ಟನ್ನಿನವರಿಗೆ ಇನ್ನೊಂದು ಮಾತು. ಭಾರತಕ್ಕೆ ಗೋಧಿ ಮಾರಿ ಬಂದ ರೂಪಾಯಿಯಲ್ಲಿ, ಪಿ.ಎಲ್. 480 ಕಾನೂನಿನಡಿ, 1962ರಿಂದ ಲೈಬ್ರರಿ ಆಫ್ ಕಾಂಗ್ರೆಸ್ ನಮ್ಮ ಭಾಷೆಗಳ ಪುಸ್ತಕಗಳನ್ನು ಕೊಂಡು ಇಲ್ಲಿನ ಗ್ರಂಥಾಲಯಗಳಿಗೆ ಹಂಚತೊಡಗಿತು. ಆ ಆಸೆಯಿಂದಲೇ ಒಂದು ಗ್ರಂಥಾಲಯಕ್ಕೆ ಹೋಗಿ ನಮ್ಮ ಕಾದಂಬರಿಯನ್ನು ತರಿಸಿದೆವು. ಪುಸ್ತಕ ಭದ್ರವಾಗಿತ್ತು, ಗಟ್ಟಿ ರಟ್ಟಿನ ಬೈಂಡಿಂಗಿನೊಳಗೆ. ಮುಖಪುಟ ಮಾತ್ರ ಇರಲಿಲ್ಲ.

ಸರಿ, ನಮ್ಮದನ್ನಾದರೂ ಕೈಯಿಂದಲೇ ಮಾಡೋಣವೆಂದು ಎಂಟು ಮಕ್ಕಳನ್ನು ಕೂಡಿಸಿದೆವು. ಜಲವರ್ಣದಲ್ಲಿ ನದಿ, ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ಅಂಟಿಸಿದ ಊರು, ಸೀರೆಯ ಜರಿ ಅಂಚು, ಮೇಲೆ ಇಂಡಿಯನ್ ಇಂಕಿನ ಗೆರೆ. ಮೊದಲ ಪ್ರಯತ್ನ ಕೆಟ್ಟಿತು: ಎಣ್ಣೆ ಬಳಪದ ಮೇಲೆ ಇಂಕು ನಿಲ್ಲಲಿಲ್ಲ, ಅಂಟಿನ ತೇವಕ್ಕೆ ಕಾಗದ ಹಪ್ಪಳದಂತೆ ಸೊಟ್ಟಗಾಯಿತು. ಎರಡನೆಯ ಸಲ ದಪ್ಪ ಕಾಗದ ತಂದು, ಬಣ್ಣ ಪೂರ್ತಿ ಒಣಗಿದ ಮೇಲೆ ಅಂಟಿಸಿ, ಹ್ಯಾರಿಸನ್ನರ ಮೆಡಿಸಿನ್ ಗ್ರಂಥವನ್ನು ರಾತ್ರಿಯೆಲ್ಲ ಹೇರಿಟ್ಟೆವು. ಆ ಪುಸ್ತಕದಿಂದ ಇಷ್ಟು ನೇರ ಉಪಯೋಗ ನಮಗೆ ಹಿಂದೆಂದೂ ಆಗಿರಲಿಲ್ಲ. ಸ್ಕ್ಯಾನರಿನಲ್ಲಿ ಜರಿ ಕಪ್ಪಾಗಿ ಬಂದದ್ದರಿಂದ ಕಿಟಕಿಯ ಬೆಳಕಿನಲ್ಲಿ ಫೋಟೋ ತೆಗೆಯಬೇಕಾಯಿತು.

ಹೆಸರನ್ನು ಬರೆದದ್ದು ಮಗಳು. ಅವಳಿಗೆ ಕನ್ನಡ ಓದಲು ಬಾರದು. ಅಕ್ಷರಗಳನ್ನು ನೋಡಿ ಚಿತ್ರದಂತೆ ತೀಡಿದಳು. ಒಂದು ಒತ್ತಕ್ಷರ ತಲೆಕೆಳಗಾಗಿತ್ತು. ತಿದ್ದುವಿರಾ ಎಂದು ಸಂಪಾದಕರು ಕೇಳಿದರು. ಅವಳನ್ನೇ ಕರೆದು ತೋರಿಸಿದೆವು, ಅವಳೇ ತಿದ್ದಿದಳು. ಹತ್ತಿರದಿಂದ ನೋಡಿದರೆ ಬಿಳಿಯ ಬಣ್ಣದಡಿ ಹಳೆಯ ಒತ್ತು ಕಾಣುತ್ತದೆ.

ಹಳೆಯ ಎಷ್ಟೋ ಪುಸ್ತಕಗಳಲ್ಲಿ ಮುಖಪುಟ ಬರೆದವರ ಹೆಸರೇ ಇರುವುದಿಲ್ಲ. ಇದರಲ್ಲಿ ಎಂಟೂ ಮಕ್ಕಳ ಹೆಸರನ್ನು ಒಳಪುಟದಲ್ಲಿ ಹಾಕಿಸಿದ್ದೇವೆ. ಮೂಲ ಚಿತ್ರ ಇನ್ನೂ ನಮ್ಮ ಮನೆಯಲ್ಲಿ ಹ್ಯಾರಿಸನ್ನಿನ ಅಡಿಯಲ್ಲೇ ಇದೆ. ಬಂದರೆ ತೋರಿಸುತ್ತೇವೆ, ಕಾಫಿಯೂ ಉಂಟು.