ಎಸ್‌ಸಿಐ (ಗೂಢಲಿಪಿ ಲೈಬ್ರರಿ)

ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದ ಈಜಿಪಿಸಿ ಯೋಜನೆಯಲ್ಲಿ ರೂಪುಗೊಂಡ ಸಿ ಪ್ಲಸ್ ಪ್ಲಸ್ ಲೈಬ್ರರಿ. 2020ರ ಕ್ರಿಪ್ಟ್‌ಫ್ಲೋ2 ಸಂಶೋಧನೆಗೆ ತಳಹದಿ. ಉದಾಹರಣೆಗೆ, ರೋಗಿಯ ಎಕ್ಸ್-ರೇ ಆಸ್ಪತ್ರೆಯಲ್ಲೇ, ನ್ಯೂರಲ್ ನೆಟ್‌ವರ್ಕ್ ಅದರ ಒಡೆಯರಲ್ಲೇ ಗುಟ್ಟಾಗಿ ಉಳಿದು, ಉತ್ತರ ಮಾತ್ರ ಹೊರಬರುವಂತೆ ಲೆಕ್ಕ ಹಾಕುವುದು ಈ ಲೈಬ್ರರಿಯ ಕೆಲಸ.

ಇದನ್ನು ಸೋರ್ಸ್ ಕೋಡ್‌ನಿಂದ ಕಟ್ಟಲು ಸಿ ಪ್ಲಸ್ ಪ್ಲಸ್ ಕಂಪೈಲರ್, ಸಿಮೇಕ್ ಜೊತೆಗೆ ಜಿಎಂಪಿ, ಓಪನ್‌ಎಸ್‌ಎಸ್‌ಎಲ್‌ಗಳ ಡೆವಲಪ್‌ಮೆಂಟ್ ಪ್ಯಾಕೇಜುಗಳು ಬೇಕು. ಹೆಡರ್ ಕಡತಗಳಿಲ್ಲದ ಬರಿಯ ಓಪನ್‌ಎಸ್‌ಎಸ್‌ಎಲ್ ಸಾಲದು. ಸೀಲ್, ಐಗನ್ ಲೈಬ್ರರಿಗಳು ಸಿಗದಿದ್ದರೆ ಸಿಮೇಕ್ ತಾನೇ ಇಳಿಸಿಕೊಳ್ಳುತ್ತದೆ. ಇನ್‌ಸ್ಟಾಲ್ ಜಾಗವನ್ನು ಬಿಲ್ಡ್ ಫೋಲ್ಡರಿನೊಳಗೇ ಗೊತ್ತುಮಾಡಿದರೆ ರೂಟ್ ಅನುಮತಿಯ ರಗಳೆಯಿಲ್ಲ. ಪರೀಕ್ಷೆಗೆ ಎರಡು ಟರ್ಮಿನಲ್ ತೆರೆದು, ಒಂದೇ ಪ್ರೋಗ್ರಾಮನ್ನು ಒಂದರಲ್ಲಿ ಸರ್ವರ್ ಆಗಿ, ಇನ್ನೊಂದರಲ್ಲಿ ಕ್ಲೈಂಟ್ ಆಗಿ ಓಡಿಸಬೇಕು. ನಿಜ ಬಳಕೆಯಲ್ಲಿ ಎರಡೂ ಕಡೆಯವರು ನಿಗದಿತ ವಿಧಾನವನ್ನು ತಪ್ಪದೆ ಪಾಲಿಸಿದರಷ್ಟೇ ಗೋಪ್ಯತೆಯ ಖಾತ್ರಿ.