ಬ್ಯಾರಿಯ ಗುಜರಿ ಅಂಗಳ

ಉಗಿಬಂಡಿಯ ಮೋಹವುಳ್ಳವರಿಗೆ ಬ್ರಿಟನ್ ಒಂದು ತೀರ್ಥಕ್ಷೇತ್ರವಿದ್ದಂತೆ. ಯಾರ್ಕ್‌ಶೈರಿನ ಕಣಿವೆಗಳಲ್ಲಿ, ಸೆವರ್ನ್ ನದಿಯ ಮಗ್ಗುಲಲ್ಲಿ, ವೇಲ್ಸಿನ ಬೆಟ್ಟಗಳ ನಡುವೆ ಇಂದಿಗೂ ಹೊಗೆಯುಗುಳುತ್ತ ಓಡುವ ಇಂಜಿನ್‌ಗಳನ್ನು ನೋಡಲು ದೇಶದೇಶಗಳಿಂದ ಜನ ಬರುತ್ತಾರೆ. ಇತಿಹಾಸವನ್ನು ಜೋಪಾನ ಮಾಡಬಲ್ಲ ನಾಡೆಂದು ಮೆಚ್ಚಿ ಮರಳುತ್ತಾರೆ. ಆದರೆ ಆ ಇಂಜಿನ್‌ಗಳಲ್ಲಿ ದೊಡ್ಡದೊಂದು ಪಾಲು ಉಳಿದುಕೊಂಡದ್ದು ಯಾವ ಸರ್ಕಾರದ ಇತಿಹಾಸಪ್ರಜ್ಞೆಯಿಂದಲೂ ಅಲ್ಲ. ವೇಲ್ಸಿನ ಒಬ್ಬ ಗುಜರಿ ವ್ಯಾಪಾರಿಗೆ ಅವುಗಳನ್ನು ಒಡೆಯಲು ಪುರುಸೊತ್ತಾಗಲಿಲ್ಲ, ಅಷ್ಟೆ.

1955ರಲ್ಲಿ ಬ್ರಿಟಿಷ್ ರೈಲ್ವೆ ತನ್ನ ಆಧುನೀಕರಣದ ಯೋಜನೆಯನ್ನು ಪ್ರಕಟಿಸಿದಾಗ ಅದರ ಬಳಿ ಸುಮಾರು 18,000 ಉಗಿ ಇಂಜಿನ್‌ಗಳಿದ್ದವು. ಅವುಗಳ ಜಾಗಕ್ಕೆ ಡೀಸೆಲ್ ಮತ್ತು ವಿದ್ಯುತ್ ಇಂಜಿನ್‌ಗಳು ಬರಬೇಕೆಂದು ತೀರ್ಮಾನವಾಯಿತು. ಸೋಜಿಗವೆಂದರೆ, ತೀರ್ಮಾನವಾದ ಮೇಲೂ ಹೊಸ ಉಗಿ ಇಂಜಿನ್‌ಗಳ ತಯಾರಿಕೆ ನಿಲ್ಲಲಿಲ್ಲ. ಕೊನೆಯದಾದ 'ಈವ್ನಿಂಗ್ ಸ್ಟಾರ್' ಸ್ವಿಂಡನ್ ಕಾರ್ಖಾನೆಯಿಂದ ಹೊರಬಂದದ್ದು 1960ರ ಮಾರ್ಚ್‌ನಲ್ಲಿ. ಹತ್ತಾರು ವರ್ಷ ದುಡಿಯಬಲ್ಲ ಆ ಯಂತ್ರವನ್ನು ಐದೇ ವರ್ಷಕ್ಕೆ ಸೇವೆಯಿಂದ ಹೊರಗಿಟ್ಟರು. ಕಚೇರಿಯ ಕಡತಗಳ ನಡುವೆ ಬದುಕುವ ನನ್ನಂಥವರಿಗೆ ಇದು ತೀರ ಅಪರಿಚಿತ ಸಂಗತಿಯೇನಲ್ಲ: ಒಂದು ಶಾಖೆ ಖರೀದಿಸುತ್ತಿರುವಾಗಲೇ ಇನ್ನೊಂದು ಶಾಖೆ ಅದೇ ವಸ್ತುವಿನ ವಿಲೇವಾರಿಗೆ ಟಿಪ್ಪಣಿ ಬರೆಯುತ್ತಿರುತ್ತದೆ. 1968ರ ಆಗಸ್ಟ್ 11ರಂದು, ತಲಾ ಹದಿನೈದು ಗಿನಿ ತೆತ್ತ ಪ್ರಯಾಣಿಕರನ್ನು ಹೊತ್ತು ಕೊನೆಯ ವಿಶೇಷ ಗಾಡಿ ಓಡಿತು. ಅದರ ಬೆನ್ನಿಗೇ ಮುಖ್ಯ ಮಾರ್ಗಗಳಲ್ಲಿ ಉಗಿಬಂಡಿಗೆ ನಿಷೇಧ ಬಂತು.

ಈ ಸಾವಿರಾರು ಇಂಜಿನ್‌ಗಳು ಹರಾಜಿನಲ್ಲಿ ಗುಜರಿಯವರ ಪಾಲಾದವು. ಕೊಂಡವರಲ್ಲಿ ದಕ್ಷಿಣ ವೇಲ್ಸಿನ ಬ್ಯಾರಿ ಊರಿನ ಡೈ ವುಡ್‌ಹ್ಯಾಮ್ ಒಬ್ಬ. ಬ್ಯಾರಿ ಒಂದು ಕಾಲಕ್ಕೆ ಮೆರೆದ ಬಂದರು. 1913ರಲ್ಲಿ ಅಲ್ಲಿಂದ 1.1 ಕೋಟಿ ಟನ್‌ಗೂ ಹೆಚ್ಚು ಕಲ್ಲಿದ್ದಲು ಹಡಗೇರಿತ್ತು. ಕಲ್ಲಿದ್ದಲಿನ ವ್ಯಾಪಾರ ಇಳಿದ ಮೇಲೆ, ವ್ಯಾಗನ್‌ಗಳು ಸಾಲುಗಟ್ಟಿ ನಿಲ್ಲುತ್ತಿದ್ದ ಹಳಿಗಳು ಬರಿದಾಗಿದ್ದವು. 1959ರಿಂದ ವುಡ್‌ಹ್ಯಾಮ್ ಕೊಂಡ ಇಂಜಿನ್‌ಗಳು ಆ ಹಳಿಗಳ ಮೇಲೆ ಬಂದು ನಿಂತವು. ಒಟ್ಟು 297.

ಅದೇ ಹೊತ್ತಿಗೆ ರೈಲ್ವೆಯು ಹಳೆಯ ಸರಕು ವ್ಯಾಗನ್‌ಗಳನ್ನೂ ಲಕ್ಷಗಟ್ಟಲೆ ಹೊರಹಾಕುತ್ತಿತ್ತು. ವ್ಯಾಗನ್ ಒಡೆಯುವುದು ಸುಲಭ, ಹಣವೂ ಬೇಗ ಕೈಸೇರುತ್ತದೆ. ಇಂಜಿನ್ನಿನದು ಹಾಗಲ್ಲ, ತಾಮ್ರ, ಹಿತ್ತಾಳೆ, ಉಕ್ಕು ಎಲ್ಲವನ್ನೂ ಬೇರೆಬೇರೆಯಾಗಿ ಬಿಡಿಸಬೇಕು. ವ್ಯಾಗನ್ ಸಿಗದ ದಿನಗಳಿಗಿರಲೆಂದು ವುಡ್‌ಹ್ಯಾಮ್ ಇಂಜಿನ್‌ಗಳನ್ನು ಮುಂದಕ್ಕೆ ಹಾಕಿದ. ಕೆಲವನ್ನು ಒಡೆದದ್ದುಂಟು. ಉಳಿದವು ಸಮುದ್ರದ ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತ ವರ್ಷಾನುಗಟ್ಟಲೆ ನಿಂತೇ ಇದ್ದವು. ಅವನ್ನು ನೋಡಲೆಂದು ದೂರದೂರದ ಆಸಕ್ತರು ಬ್ಯಾರಿಗೆ ಬರತೊಡಗಿದರು. ಬೇರೆಡೆಯ ಗುಜರಿ ಅಂಗಳಗಳಲ್ಲಿ ಇಂಜಿನ್‌ಗಳು ಬಂದ ಕೆಲವೇ ವಾರಗಳಲ್ಲಿ ಚೂರಾಗುತ್ತಿದ್ದವು. ಬ್ಯಾರಿಯಲ್ಲಿ ಮಾತ್ರ ಜನಕ್ಕೆ ಯೋಚಿಸಲು, ಸಂಘ ಕಟ್ಟಲು, ಚಂದಾ ಎತ್ತಲು ಕಾಲ ಸಿಕ್ಕಿತು.

1968ರ ಸೆಪ್ಟೆಂಬರಿನಲ್ಲಿ, ಕೊನೆಯ ಗಾಡಿ ಓಡಿದ ಮರುತಿಂಗಳೇ, ಮೊದಲ ಇಂಜಿನ್ ಬ್ಯಾರಿಯಿಂದ ಬಿಡುಗಡೆ ಹೊಂದಿ ಯಾರ್ಕ್‌ಶೈರಿನ ಕೀತ್ಲಿಗೆ ಹೋಯಿತು. ಆಮೇಲೆ ಒಂದರ ಹಿಂದೊಂದು ಹೊರಟವು. ವುಡ್‌ಹ್ಯಾಮ್ ದಾನಶೂರನಲ್ಲ, ಗುಜರಿಯ ಬೆಲೆಗೇ ಮಾರಿದ. ಆದರೆ ಹಣ ಕೂಡಿಸುತ್ತಿದ್ದವರಿಗಾಗಿ ಇಂಜಿನ್ ಕಾದಿರಿಸಿ ಕಾಯುವಷ್ಟು ತಾಳ್ಮೆ ಅವನಿಗಿತ್ತು. 1990ರ ಜನವರಿಯಲ್ಲಿ ಕೊನೆಯದು ಹೊರಟಾಗ, ಒಡೆತದಿಂದ ಪಾರಾದವುಗಳ ಸಂಖ್ಯೆ 213 ಮುಟ್ಟಿತ್ತು.

ಅವುಗಳಲ್ಲಿ 71000 ಸಂಖ್ಯೆಯ 'ಡ್ಯೂಕ್ ಆಫ್ ಗ್ಲಾಸ್ಟರ್'ನ ಕತೆಯನ್ನು ಹೇಳಲೇಬೇಕು. 1954ರಲ್ಲಿ ಕ್ರೂ ಕಾರ್ಖಾನೆಯಲ್ಲಿ ತಯಾರಾದ ಇದು ತನ್ನ ಮಾದರಿಯ ಏಕೈಕ ಇಂಜಿನ್. ಕಲ್ಲಿದ್ದಲು ಬಹಳ ತಿನ್ನುತ್ತದೆ, ಸಾಕಷ್ಟು ಉಗಿ ಕೊಡುವುದಿಲ್ಲ ಎಂಬ ಅಪಖ್ಯಾತಿ ಹೊತ್ತು 1962ರಲ್ಲೇ ನಿವೃತ್ತವಾಯಿತು. ಅದರ ಒಂದು ಸಿಲಿಂಡರನ್ನು ಕಳಚಿ ಲಂಡನ್ನಿನ ಸೈನ್ಸ್ ಮ್ಯೂಸಿಯಂನಲ್ಲಿ ಪ್ರದರ್ಶನಕ್ಕಿಟ್ಟರು. ಉಳಿದ ಒಡಲು ಬ್ಯಾರಿಗೆ ಬಂತು. 1974ರಲ್ಲಿ ಒಂದು ಗುಂಪು ಆ ಅಸ್ಥಿಪಂಜರವನ್ನು ಕೊಂಡಾಗ ಇದು ಮತ್ತೆ ಓಡೀತೆಂದು ನಂಬಿದವರು ಕಡಿಮೆ. ಹೊಸ ಸಿಲಿಂಡರ್‌ಗಳನ್ನು ಎರಕ ಹೊಯ್ಸಿ, ಹನ್ನೆರಡು ವರ್ಷ ದುಡಿದು, 1986ರಲ್ಲಿ ಅದನ್ನು ಓಡಿಸಿಯೇಬಿಟ್ಟರು. ಈ ಕೆಲಸದ ನಡುವೆ, ಬೆಂಕಿಗೆ ಗಾಳಿ ಒದಗಿಸುವ ಕಿಂಡಿಗಳನ್ನು ಮೂಲ ತಯಾರಿಕೆಯಲ್ಲೇ ತಪ್ಪು ಅಳತೆಗೆ, ಚಿಕ್ಕದಾಗಿ ಮಾಡಿದ್ದರೆಂಬುದು ಬಯಲಾಯಿತು. ಅದನ್ನು ಸರಿಪಡಿಸಿದ ಮೇಲೆ, ಎಂಟು ವರ್ಷ ಬೈಸಿಕೊಂಡು ದುಡಿದ ಇಂಜಿನ್ ಬ್ರಿಟನ್ನಿನ ಅತ್ಯಂತ ಸಮರ್ಥ ಉಗಿಬಂಡಿಗಳ ಸಾಲಿಗೆ ಸೇರಿತು. ಮ್ಯೂಸಿಯಂನಲ್ಲಿಟ್ಟ ಸಿಲಿಂಡರ್ ಈ ಸತ್ಯವನ್ನು ಎಂದೂ ಹೇಳುತ್ತಿರಲಿಲ್ಲ. ಬೆಂಕಿ ಹೊತ್ತಿಸಿ ಓಡಿಸಹೊರಟವರಿಗಷ್ಟೇ ಅದು ಕಂಡಿತು.

ನನಗೆ ಮುಖ್ಯವೆನಿಸುವುದು ಇದೇ. ಬ್ಯಾರಿಯ ವಿಳಂಬ ಕಬ್ಬಿಣವನ್ನು ಉಳಿಸಿತು, ನಿಜ. ಆ ಕಬ್ಬಿಣವನ್ನು ದುರಸ್ತಿ ಮಾಡಬೇಕಾಗಿ ಬಂದದ್ದರಿಂದ ಬಾಯ್ಲರಿನ ಕೊಳವೆ ಬದಲಿಸುವ, ಬೇರಿಂಗಿಗೆ ಲೋಹ ಹೊಯ್ಯುವ, ಏರುದಾರಿಯಲ್ಲಿ ಎಷ್ಟು ಕಲ್ಲಿದ್ದಲು ಎಲ್ಲಿ ಎರಚಬೇಕೆಂದು ಅರಿತ ಕೈಗಳೂ ಉಳಿದವು. ನಿವೃತ್ತ ಚಾಲಕರಿಂದ ತರುಣರು ಇದನ್ನೆಲ್ಲ ಕಲಿತರು. ಪುಸ್ತಕದಿಂದ ಪೂರ್ತಿ ಕಲಿಯಲಾಗದ ವಿದ್ಯೆ ಇದು. ಒಂದು ತಲೆಮಾರು ತಪ್ಪಿದರೆ ಮುಗಿಯಿತು.

ನಮ್ಮಲ್ಲೂ ಈ ಪ್ರಶ್ನೆ ಇದೆ. ದಿಲ್ಲಿಯ ರಾಷ್ಟ್ರೀಯ ರೈಲು ಮ್ಯೂಸಿಯಂ 1977ರಲ್ಲಿ, ಮೈಸೂರಿನದು 1979ರಲ್ಲಿ ಆರಂಭವಾದವು. ದಿಲ್ಲಿಯ ಸಂಗ್ರಹವನ್ನು ಕಟ್ಟಲು ನೆರವಾದ ಮೈಕ್ ಸ್ಯಾಟೋ ಕೂಡ ಬ್ರಿಟನ್ನಿನ ಇಂಥದೇ ಒಬ್ಬ ರೈಲುಪ್ರೇಮಿ. ಬ್ರಾಡ್‌ಗೇಜ್ ಮಾರ್ಗಗಳಲ್ಲಿ ನಮ್ಮ ನಿತ್ಯದ ಉಗಿಬಂಡಿಗಳ ಓಟ 1995ರಲ್ಲಿ ನಿಂತಿತು. ಅವುಗಳಿಗೆ ಕಲ್ಲಿದ್ದಲು ಎರಚಿದವರು ಈಗ ಮುದುಕರಾಗುತ್ತಿದ್ದಾರೆ. ಮ್ಯೂಸಿಯಂಗಳಲ್ಲಿ ಬಣ್ಣ ಬಳಿದು ನಿಲ್ಲಿಸಿದ ಇಂಜಿನ್‌ಗಳನ್ನು ಮಕ್ಕಳಿಗೆ ತೋರಿಸಿ ಬರುವುದು ಒಳ್ಳೆಯದೇ. ದಿಲ್ಲಿಯ ಕನ್ನಡಿಗರು ಇನ್ನಷ್ಟು ದೂರ ಹೋಗಿ ಹರಿಯಾಣದ ರೇವಾಡಿಯ ಶೆಡ್ ನೋಡಬೇಕು. ಅಲ್ಲಿ ಹಳೆಯ ಇಂಜಿನ್‌ಗಳಿಗೆ ಇನ್ನೂ ಬೆಂಕಿ ಹಾಕುತ್ತಾರೆ. ಇಂಜಿನ್ ನೋಡಿದ ಮೇಲೆ, ಬೆಂಕಿ ಹಾಕುವವರನ್ನೂ ಮಾತನಾಡಿಸಿ ಬನ್ನಿ.